ಕರಿ ಹರಿದ ಕೆಂಪು ಕಾರು

೨೧ ಮೇ ೧೯೮೯, ರವಿವಾರ

ಮೋಸ. ಇದಕ್ಕೆ ಬೇರೆ ಹೆಸರಿಲ್ಲ.

ಅಣ್ಣಿಗೇರಿಗೆ ಹೋಗಿ ಟ್ರ್ಯಾಕ್ಟರಿಗೆ ಡೀಸೆಲ್ ತಂದವನು, ಮನೆಗೂ ಹೋಗದೆ ಸೀದಾ ಬಸ್ ಸ್ಟ್ಯಾಂಡಿನ ರಹೀಮಾಬಿಯ ಚಹಾದಂಗಡಿಗೆ ನಡೆದೆ. ಮೂಲೆಯಲ್ಲಿ ನನ್ನ ಪೆಟ್ಟಿಗೆ ಇರಲಿಲ್ಲ. ಮೂರು ವರ್ಷದಿಂದ ಅಲ್ಲೇ ನಿಂತಿದ್ದ ಕಾರ್ ರೇಸಿನ ವಿಡಿಯೋ ಗೇಮು, ಸ್ಪೀಡ್ ಸುಲ್ತಾನ್, ಸುತ್ತ ಹತ್ತೂರಿಗೆ ಇದ್ದದ್ದು ಅದೊಂದೇ, ಮಂಗಮಾಯ. ಅದರ ಜಾಗದಲ್ಲಿ ಕರ್ರಗಿನ ಇನ್ನೊಂದು ಪೆಟ್ಟಿಗೆ ನಿಂತಿತ್ತು. ನೆತ್ತಿಯ ಮೇಲೆ ಅದೇ ಹೆಸರು, ಪಕ್ಕದಲ್ಲಿ ದೊಡ್ಡದಾಗಿ ಎರಡು ಎಂಬ ಅಂಕಿ.

"ರಹೀಮಾಬೀ, ನನ್ನ ಸುಲ್ತಾನ್ ಎಲ್ಲಿ?" ಅಂದೆ.

"ಹುಬ್ಬಳ್ಳಿ ಉಡಚಪ್ಪ ಮುಂಜಾನೆ ಟೆಂಪೋ ತಂದು ಬದಲಿ ಮಾಡಿಕೊಂಡ ಹ್ವಾದ್ನಪಾ. ಇದು ಅದರದ ಎರಡನೇ ಭಾಗ ಅಂತ. ಜಪಾನದಾಗ ಮಂದಿ ಹುಚ್ಚ ಹಿಡದು ಆಡಾಕತ್ತಾರಂತ."

"ನನ್ನ ಒಂದ ಮಾತ ಕೇಳಬೇಕಿತ್ತಿಲ್ಲೋ?"

"ಪೆಟಗಿ ಅವಂದು, ಜಾಗಾ ನಂದು. ನಡುವ ನೀ ಯಾರ ತಮ್ಮಾ?"

ನಾನು ಯಾರು! ಹೋದ ವರ್ಷ ಅದರ ಪರದೆ ಕಪ್ಪಾದಾಗ ಮನೆಯ ಕೌದಿ ಸುತ್ತಿ, ಟ್ರೇಲರಿನಲ್ಲಿ ಮಲಗಿಸಿ, ಹುಬ್ಬಳ್ಳಿಯ ತನಕ ಕೂಸಿನಂತೆ ಒಯ್ದು ರಿಪೇರಿ ಮಾಡಿಸಿ ತಂದವನು ಯಾರು? ಅದರ ರಸ್ತೆ ನನಗೆ ಬಾಯಿಪಾಠ. ಕೆರೆ, ಕೆರೆಯ ನಂತರ ಸೇತುವೆ, ಸೇತುವೆ ಇಳಿದ ಕೂಡಲೇ ಎಡಕ್ಕೆ ಚೆಲ್ಲಿದ ಎಣ್ಣೆ, ಆಮೇಲೆ ಗುಡ್ಡದೊಳಗಿನ ಬೋಗದೆ. ಕಣ್ಣು ಮುಚ್ಚಿಕೊಂಡು ಓಡಿಸುತ್ತಿದ್ದೆ. ಇಡೀ ಊರಿನಲ್ಲಿ ನನ್ನ ಕೆಂಪು ಕಾರನ್ನು ಸೋಲಿಸಿದ ಒಬ್ಬ ಗಂಡಸಿಲ್ಲ.

ಹೊಸದರಲ್ಲಿ ಎಂಟಾಣೆ ಹಾಕಿ ಆಡಿದೆ. ಮೊದಲ ತಿರುವಿನಲ್ಲೇ ಹಳ್ಳಕ್ಕೆ ಬಿದ್ದೆ. ಬೆಂಚಿನ ಮೇಲೆ ಕೂತಿದ್ದವರು ನಕ್ಕರು. ಚಹಾ ಅರ್ಧಕ್ಕೆ ಬಿಟ್ಟು ಬಂದೆ.

೨೨ ಮೇ, ಸೋಮವಾರ

ಒಂದು ತಪ್ಪಿದ್ದರೆ ಹೇಳಬಹುದು. ಈ ಡಬ್ಬದಲ್ಲಿ ತಪ್ಪಿನ ನಡುವೆ ಆಟವನ್ನು ಹುಡುಕಬೇಕು. ಹಳೆಯದರಲ್ಲಿ ಇಂಜಿನ್ನಿನ ಸದ್ದು ಇಂಜಿನ್ನಿನ ಹಾಗಿತ್ತು. ಇದು ಮದುವೆ ಬ್ಯಾಂಡಿನವರ ಹಾಗೆ ಬಡಿದುಕೊಳ್ಳುತ್ತದೆ. ಹಳೆಯದರಲ್ಲಿ ಬೇರೆ ಕಾರುಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಇದರಲ್ಲಿ ಒಂದೇ ಒಂದು ಎದುರಾಳಿ, ಅದು ಬೆನ್ನಿಗೆ ಬಿದ್ದು ಗುದ್ದುತ್ತದೆ. ಎಲ್ಲಕ್ಕಿಂತ ದೊಡ್ಡ ಅನ್ಯಾಯವೆಂದರೆ ರಸ್ತೆ. ಪ್ರತಿ ಸಲವೂ ಬೇರೆ! ನಿನ್ನೆ ಎಡಕ್ಕೆ ಇದ್ದ ತಿರುವು ಇವತ್ತು ಬಲಕ್ಕೆ. ಮನುಷ್ಯ ಕಲಿಯುವುದಾದರೂ ಏನನ್ನು?

ಇನ್ನೂ ಒಂದಿದೆ. ಇದರಲ್ಲಿ ನಮ್ಮ ಕಾರು ಬಿಳಿ. ಕೆಂಪು ಕಾರು ಪೆಟ್ಟಿಗೆಯದು. ಬದಲಿಸಲು ಬರುವುದಿಲ್ಲ.

ಇದನ್ನು ಮೊದಲು ಕಂಡುಹಿಡಿದವನು ಕುರಿಗಾರ ಮಾಳಪ್ಪ ಕಾಕಾ. ಕುರಿ ಹೊಡೆದುಕೊಂಡು ಹೋಗುವಾಗ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದ. "ಈರಬಸಪ್ಪಾ, ಬಣ್ಣ ತಿರುವ್ಯಾವಲ್ಲೋ. ಕಾರ ಹುಣ್ಣಿಮಿಗೆ ಹೆಂಗ ಮಾಡ್ತಿ?" ಅಂದ.

ನನಗೆ ಅಲ್ಲಿಯವರೆಗೆ ಅದು ಹೊಳೆದೇ ಇರಲಿಲ್ಲ.

ಕಾರ ಹುಣ್ಣಿಮೆಗೆ ನಮ್ಮಲ್ಲಿ ಊರ ಅಗಸಿ ಬಾಗಿಲಿಗೆ ಬೇವಿನ ಸೊಪ್ಪು, ಕೊಬ್ಬರಿ ಪೋಣಿಸಿದ ಹಗ್ಗ ಕಟ್ಟುತ್ತಾರೆ. ಅದೇ ಕರಿ. ಎತ್ತುಗಳನ್ನು ಓಡಿಸುತ್ತಾರೆ. ಕೆಂಪು ಎತ್ತು ಮೊದಲು ಕರಿ ಹರಿದರೆ ಆ ವರ್ಷ ಮುಂಗಾರಿ ಬೆಳೆ ಚಲೋ, ಹೆಸರುಕಾಳು ಬಿತ್ತಬೇಕು. ಬಿಳಿ ಎತ್ತು ಹರಿದರೆ ಹಿಂಗಾರಿ, ಜೋಳ ಕಡಲೆಗೆ ಕಾಯಬೇಕು. ಮೂರು ವರ್ಷದ ಹಿಂದೆ ಯಾವ ಎತ್ತು ಮೊದಲು ಮುಟ್ಟಿತು ಎಂದು ಎರಡು ಓಣಿಯವರು ತಲೆ ಒಡೆದುಕೊಂಡರು, ಪೊಲೀಸರು ಬಂದರು, ಎತ್ತು ಓಡಿಸುವುದು ಬಂದಾಯಿತು. ಮರುವರ್ಷ ಹುಣ್ಣಿಮೆಯ ದಿನ ಎಲ್ಲರೂ ಈ ಅಂಗಡಿಯಲ್ಲಿ ಮೋರೆ ಇಳಿಬಿಟ್ಟು ಕೂತಿದ್ದಾಗ ಮಾಳಪ್ಪ ಕಾಕಾನೇ ತಮಾಷೆಗೆ ಅಂದದ್ದು: "ಕರಿ ಇಲ್ಲದ ವರ್ಷ ಬ್ಯಾಡ್ರೋ. ಈ ಪೆಟಗ್ಯಾಗ ಕೆಂಪೂ ಐತಿ, ಬಿಳೀನೂ ಐತಿ. ಇದನ್ನ ಓಡಸ್ರಿ." ನಾನು ಕೆಂಪು ಕಾರು ಓಡಿಸಿದೆ, ಗೆದ್ದೆ. ಆ ವರ್ಷ ಹೆಸರು ಬಂತು. ಹೋದ ವರ್ಷವೂ ಓಡಿಸಿದೆ, ಗೆದ್ದೆ, ಮತ್ತೆ ಹೆಸರು ಬಂತು. ನಗುತ್ತ ಶುರುವಾದದ್ದಕ್ಕೆ ಈಗ ಯಾರೂ ನಗುವುದಿಲ್ಲ. ಕರಿ ಓಡಿಸುವವನು ಈರಬಸಪ್ಪ ಎಂದು ಊರೇ ಒಪ್ಪಿದೆ. ನಮ್ಮ ಮನೆಯಲ್ಲಿ ಯಾವುದಕ್ಕೂ ಅಣ್ಣನ ಮಾತೇ ಮಾತು, ನಾನು ಟ್ರ್ಯಾಕ್ಟರ್ ಮೇಲೆ ಕೂರುವ ಆಳು. ಊರಿನಲ್ಲಿ ನನ್ನದು ಅಂತ ಇದ್ದ ಮಾನ ಇದೊಂದೇ.

ಅದನ್ನೂ ಟೆಂಪೋದಲ್ಲಿ ಹೇರಿಕೊಂಡು ಹೋದರು.

೨೫ ಮೇ, ಗುರುವಾರ

ಸೋತೆ. ಮತ್ತೆ ಸೋತೆ. ಪೆಟ್ಟಿಗೆಗೆ ಒದ್ದೆ. ರಹೀಮಾಬಿ ಒಲೆಯಿಂದ ಎದ್ದು ಬಂದು, "ಒದಿಯೂದಿದ್ರ ನಿನ್ನ ಟ್ರ್ಯಾಕ್ಟರಿಗೆ ಒದಿ," ಅಂದಳು.

೩೧ ಮೇ, ಬುಧವಾರ

ಹುಬ್ಬಳ್ಳಿಗೆ ಹೋಗಿ ಬಂದೆ. ಹಳೆಯದನ್ನು ವಾಪಸ್ ತರಿಸಲೇಬೇಕು ಎಂದು ಹಟ ತೊಟ್ಟು ಹೋಗಿದ್ದೆ. ಉಡಚಪ್ಪ ಊರೂರಿಗೆ ಇಂಥ ಪೆಟ್ಟಿಗೆ ಇಟ್ಟು ಹಣ ಮಾಡುವವನು. ಗೋದಾಮಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ.

"ಬರ್ರಿ ಬರ್ರಿ. ಹೆಂಗೈತ್ರಿ ಎರಡನೇ ಭಾಗ?"

"ಹೊಲಸ ಐತ್ರಿ. ಒಂದನೇ ಭಾಗ ಕೊಡ್ರಿ."

ನಕ್ಕ. ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ನನ್ನ ಸುಲ್ತಾನ್ ಗೋಡೆಗೆ ಒರಗಿ ನಿಂತಿತ್ತು. ಪರದೆ ಕಿತ್ತಿದ್ದಾರೆ, ಒಳಗಿನ ವೈರು ಪೈರು ಎಲ್ಲ ಬಳಿದು ತೆಗೆದಿದ್ದಾರೆ. ಪರದೆಯಿದ್ದ ತೂತಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ನನ್ನನ್ನು ನೋಡಿ ಗುರ್ ಅಂದಿತು.

"ಇಷ್ಟ ಚಂದ ನಡೀತಿತ್ತಲ್ರೀ, ಯಾಕ ತಗದ್ರಿ?" ಎಂದು ಕೂಗಿದೆ.

"ಎಲ್ಲಿ ನಡೀತಿತ್ರಿ? ನಿಮ್ಮೂರಾಗ ಅದನ್ನ ಆಡ್ತಿದ್ದವರು ನೀವೊಬ್ಬರ. ಉಳಿದ ಮಂದಿ ನಿಂತು ನೋಡ್ತಿದ್ರು, ಅಷ್ಟ. ಗೆಲ್ಲಾವ ಯಾರು ಅನ್ನೂದು ಗೊತ್ತಿದ್ದ ಮ್ಯಾಲ ರೊಕ್ಕ ಯಾರ ಹಾಕ್ತಾರ್ರೀ?"

ಏನು ಮಾತೋ. ಮಂದಿ ನೋಡುತ್ತಿದ್ದದ್ದು ನನ್ನ ಆಟ ಚೆನ್ನಾಗಿತ್ತು ಅಂತ. ಇದು ಈ ವ್ಯಾಪಾರಿಯ ತಲೆಗೆ ಹೋಗುವುದಿಲ್ಲ. ಬಸ್ಸಿನಲ್ಲಿ ಬರುವ ದಾರಿಯುದ್ದಕ್ಕೂ ಅವನಿಗೆ ಬೈಯುತ್ತ ಬಂದೆ, ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

೬ ಜೂನ್, ಮಂಗಳವಾರ

ನಿನ್ನೆ ರೋಹಿಣಿ ಮಳೆ ಭರ್ಜರಿ ಹೊಡೆಯಿತು. ಎರೆ ಹೊಲ ಹದಕ್ಕೆ ಬಂದಿದೆ. ಬೆಳಿಗ್ಗೆ ಅಣ್ಣ ಹೊಳೆಪ್ಪ ಕಟ್ಟೆಯ ಮೇಲೆ ಕೂತು, "ಈರಬಸ್ಯಾ, ಟ್ರ್ಯಾಕ್ಟರ್ ಹೂಡು. ಹೆಸರ ಬಿತ್ತೂಣು," ಅಂದ.

"ಅಣ್ಣಾ, ಕರಿ ಇನ್ನೂ ಹರದಿಲ್ಲ. ಕರಿ ಹರಿಯೂಕಿಂತ ಮೊದಲ ಊರಾಗ ಯಾರೂ ಬೀಜ ಮುಟ್ಟಂಗಿಲ್ಲ."

"ಮಳಿ ನಿನ್ನ ಕರಿಗೆ ಕಾಯ್ತೈತೇನು? ಹೆಂಗೂ ಕೆಂಪ ಹರೀತೈತಿ. ಓಡಸಾವ ನೀ ಇದ್ದಿ."

ಹೊಸ ಪೆಟ್ಟಿಗೆಯ ಸುದ್ದಿ ಅಣ್ಣನಿಗೆ ಗೊತ್ತಿಲ್ಲ. ಅವನು ಚಹಾದಂಗಡಿಯ ಮೆಟ್ಟಿಲು ಹತ್ತುವುದು ಹುಣ್ಣಿಮೆಯ ದಿನ ಮಾತ್ರ. ಹೇಳಬೇಕು ಅಂತ ಬಾಯಿ ತೆರೆದೆ. ಅವನು ಆಗಲೇ ಒಳಗೆ ಹೋಗಿಬಿಟ್ಟಿದ್ದ. ಇಡೀ ದಿನ ಬಿತ್ತಿದೆ. ದಾರಿಯಲ್ಲಿ ಹೋದವರೆಲ್ಲ ನಿಂತು ನೋಡಿ ಹೋದರು. ಸಂಜೆ ಮೈ ತೊಳೆದುಕೊಂಡು ಹೋಗಿ ಎರಡು ಆಟ ಆಡಿದೆ, ಎರಡನ್ನೂ ಸೋತೆ.

೯ ಜೂನ್, ಶುಕ್ರವಾರ

ಅಂಗಡಿಯಲ್ಲಿ ಇವತ್ತು ಪಂಚಾಯಿತಿಯೇ ನಡೆಯಿತು. ಹುಣ್ಣಿಮೆ ಹತ್ತಿರ ಬಂತು, ಕರಿ ಹೇಗೆ ಎಂದು. ತಿರ್ಲಾಪುರದಿಂದ ಹಳೆಯ ಪದ್ಧತಿಯಂತೆ ಎತ್ತು ತರಿಸೋಣ ಎಂದರು ಕೆಲವರು. ಪೊಲೀಸರ ನೆನಪಾಗಿ ಆ ಮಾತು ಬಿಟ್ಟರು. ಕೊನೆಗೆ ಮಾಳಪ್ಪ ಕಾಕಾ ರುಮಾಲು ಸರಿ ಮಾಡಿಕೊಂಡು ತೀರ್ಪು ಕೊಟ್ಟ.

"ಇದ ಪೆಟಗಿ ಓಡ್ಲಿ. ಬಿಳಿ ಈರಬಸಪ್ಪಂದು, ಕೆಂಪು ಪೆಟಗೀದು. ಒಂದ ಆಟ. ಯಾವುದು ಮೊದಲ ಗೆರಿ ದಾಟ್ತೈತಿ, ಅದ ಕರಿ ಹರಿದಂಗ."

"ಈ ಡಬ್ಬ ಖರೇ ಆಟ ಅಲ್ಲ ಕಾಕಾ," ಅಂದೆ. "ರಸ್ತಾ ಒಂದೊಂದ ಸಲ ಒಂದೊಂದ ಕಡೆ ತಿರಗತೈತಿ."

"ಹಳೇದ ಖರೇ ಆಟ ಇತ್ತೇನು? ಹೂಡೂಕಿಂತ ಮೊದಲ ಗೆಲ್ಲಾವ ನೀ ಅಂತ ಕೂಸಿಗೂ ಗೊತ್ತಿತ್ತು. ಅದು ಕರಿ ಅಲ್ಲ, ನಿನ್ನ ಮೆರವಣಿಗಿ. ಯಾವುದು ಹರೀತೈತಿ ಅನ್ನೂದು ಶಿವಗೂ ಗೊತ್ತಿರಬಾರದು, ಅದಕ್ಕ ಕರಿ ಅಂತಾರ. ಈ ಸಲ ಖರೇ ಕರಿ ಆಕ್ಕೈತಿ ನೋಡು."

ಎಲ್ಲರೂ ಹೌದು ಹೌದು ಅಂದರು. ಎರಡು ವರ್ಷ ನಾನು ಓಡಿಸಿದ್ದಕ್ಕೆ ಚಪ್ಪಾಳೆ ತಟ್ಟಿದವರೇ ಇವರು. ಈಗ ಅದು ಮೆರವಣಿಗೆಯಂತೆ! ಎದ್ದು ಬರುವಾಗ ಹಿಂದಿನಿಂದ ಯಾರೋ, "ಮೊದಲ ಬಿತ್ತಿದವರ ಗತಿ ಏನ ಆಕ್ಕೈತೋ," ಅಂದದ್ದು ಕೇಳಿಸಿತು.

೧೨ ಜೂನ್, ಸೋಮವಾರ

ಡಬ್ಬ ಡಬ್ಬವೇ. ಆದರೂ ಒಂದು ವಿಷಯ ಬರೆದಿಡಬೇಕು, ಮರೆತುಹೋದೀತು.

ತಿರುವು ಕಂಡ ಮೇಲೆ ಬ್ರೇಕ್ ಒತ್ತಿದರೆ ಸತ್ತೆ. ತಿರುವು ಬರುವ ಮೊದಲೇ ಎಕ್ಸಲೇಟರ್ ಬಿಡಬೇಕು. ಬರುತ್ತದೆ ಅಂತ ಗೊತ್ತಾಗುವುದು ಹೇಗೆಂದರೆ, ರಸ್ತೆಯ ಅಂಚಿನ ಕಲ್ಲುಗಳು ಒತ್ತೊತ್ತಾಗುತ್ತವೆ. ಮೂರು ವಾರ ನಾನು ಅದನ್ನು ನೋಡಿಯೇ ಇರಲಿಲ್ಲ. ಹಳೆಯದರಲ್ಲಿ ನೋಡುವ ಗರಜೇ ಬೀಳುತ್ತಿರಲಿಲ್ಲವಲ್ಲ. ಕೆಂಪು ಬೆನ್ನಿಗೆ ಬಂದಾಗ ಅಡ್ಡ ಹೋಗಬಾರದು. ಅದು ಗುದ್ದುವ ಹೊತ್ತಿಗೆ ಸರಿಯಾಗಿ ಸ್ವಲ್ಪ ಬಾಜು ಸರಿದರೆ ಅದೇ ಮುಂದೆ ಹೋಗಿ ಹಳ್ಳಕ್ಕೆ ಬೀಳುತ್ತದೆ. ಇವತ್ತು ಒಮ್ಮೆ ಬಿತ್ತು. ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ರಹೀಮಾಬಿಯ ಕೈಯಲ್ಲಿದ್ದ ಕಪ್ಪು ಬಿತ್ತು. ಗೆರೆಯ ಹತ್ತಿರ ಬಂದು ಸೋತೆ, ಅದು ಬೇರೆ ಮಾತು. ರಾತ್ರಿಯ ದೃಶ್ಯದಲ್ಲಿ ಬಿಳಿ ಕಾರಿನ ದೀಪ ರಸ್ತೆಯ ಮೇಲೆ ಬೀಳುವುದನ್ನು ಮಾತ್ರ ಚೆನ್ನಾಗಿ ಮಾಡಿದ್ದಾರೆ. ಉಳಿದದ್ದೆಲ್ಲ ಹೊಲಸು.

ಊಟಕ್ಕೆ ತಡವಾಗಿ ಹೋದದ್ದಕ್ಕೆ ಅನ್ನವ್ವ, "ಹೊಲಸ ಐತಿ ಅಂತ ದಿನಾ ಬೈತೀರಿ, ದಿನಾ ಅಲ್ಲೇ ಇರ್ತೀರಿ," ಅಂದಳು. ಹೆಂಡತಿಯಾದವಳಿಗೆ ಆಟದ ವಿಷಯ ಏನು ಗೊತ್ತು?

೧೪ ಜೂನ್, ಬುಧವಾರ

ಅಣ್ಣನಿಗೆ ಗೊತ್ತಾಯಿತು. ಯಾರು ಊದಿದರೋ.

ಪಡಸಾಲೆಯಲ್ಲಿ ಕರೆಸಿದ. ಉಣ್ಣುತ್ತ ಕೂತಿದ್ದ. ನನ್ನನ್ನು ನೋಡದೆಯೇ ಕೇಳಿದ.

"ಬಿಳಿ ನಿಂದಂತ?"

"ಹೌದಣ್ಣಾ."

"ಕೆಂಪು ಪೆಟಗೀದಂತ?"

"ಹೌದು."

"ಹಂಗಾರ ಸೋತ ಬಿಡು."

ಒಂದು ತುತ್ತು ನುಂಗಿದಷ್ಟೇ ಹಗುರಾಗಿ ಅಂದುಬಿಟ್ಟ.

"ಕರಿಗಿಂತ ಮೊದಲ ಬಿತ್ತೀವಿ ಅಂತ ಊರೆಲ್ಲಾ ನಮ್ಮ ಕಡೆ ಬೆರಳ ಮಾಡೈತಿ. ಈಗ ಬಿಳಿ ಹರೀತು ಅಂದ್ರ, ಹೊಳೆಪ್ಪ ಸೊಕ್ಕಲೆ ಬಿತ್ತಿದ, ದೇವರ ಮುಖಕ್ಕ ಹೊಡದ ಅಂತಾರ. ನಾಳೆ ನನ್ನ ಮಾತ ಯಾವ ಕಟ್ಟಿ ಮ್ಯಾಲ ನಡೀತೈತಿ?"

"ಅಣ್ಣಾ, ಇಡೀ ಊರ ಮುಂದ ನಾ ಬೇಕಂತ ಸೋಲಬೇಕ?"

"ನೀ ಸೋತ್ರ ಅದು ಆಟದ ಮಾತು. ನಾ ಸೋತ್ರ ಅದು ಮನೀ ಮಾತು. ಇಷ್ಟ ತಿಳಿಯೂದಿಲ್ಲೇನ ನಿನಗ?"

ಹೂಂ ಅಂದೆ.

ಹೂಂ ಯಾಕೆ ಅಂದೆ? ಮೂವತ್ತಾರು ವರ್ಷ ಅಂದ ಬಾಯಿಗೆ ಅದೇ ರೂಢಿ. ಹೊಲ ಹಂಚುವಾಗ ಹೂಂ, ಹುಬ್ಬಳ್ಳಿಯಲ್ಲಿ ಡ್ರೈವರ್ ಕೆಲಸ ಸಿಕ್ಕಾಗ ಹೋಗಬೇಡ ಅಂದದ್ದಕ್ಕೂ ಹೂಂ. ಹೊಲದ ಕೆಲಸ ಮಾಡಿಸಿಕೊಳ್ಳಲಿ, ಸರಿ. ಆಟದಲ್ಲಿ ನಾನು ಯಾರ ಆಳೂ ಅಲ್ಲ. ಅಲ್ಲಿ ಕೂತಾಗ ನನ್ನ ಕೈ ನನ್ನದು. ಅದಕ್ಕೂ ಕೈ ಹಾಕಿದನಲ್ಲ!

೧೫ ಜೂನ್, ಗುರುವಾರ

ಆಡಲು ಹೋಗಲಿಲ್ಲ. ಟ್ರ್ಯಾಕ್ಟರನ್ನು ಸುಮ್ಮನೆ ನವಲಗುಂದದ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿಕೊಂಡು ಹೋಗಿ ವಾಪಸ್ ಬಂದೆ. ಸಿಟ್ಟು ಇಳಿಯಲಿಲ್ಲ, ಡೀಸೆಲ್ ಇಳಿಯಿತು.

೧೭ ಜೂನ್, ಶನಿವಾರ

ಅನ್ನವ್ವನಿಗೆ ಎಲ್ಲ ಹೇಳಿದೆ. ಕರುಳು ಕಿತ್ತು ಹೇಳಿಕೊಂಡರೆ ಅವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ಅದಕ್ಯಾಕ ಇಷ್ಟ ಸಂಕಟ ಮಾಡ್ಕೋತೀರಿ? ಹೊಸಾ ಪೆಟಗಿ ಬಂದಾಗಿಂದ ದಿನಾ ಸೋತ ಬರ್ತೀರಿ. ಸೋಮವಾರನೂ ಹೆಂಗೂ ಸೋಲ್ತೀರಿ. ನಿಮ್ಮಣ್ಣಗೂ ಚಲೋ ಆತು."

"ದಿನಾ ಸೋಲೂದು ಬ್ಯಾರೆ. ಪೆಟಗಿ ಚಲೋ ಇಲ್ಲ, ಅದಕ್ಕ ಸೋಲ್ತೀನಿ."

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ."

ತಾಟು ದೂಡಿ ಎದ್ದೆ. ಉರಿಯುವ ಬೆಂಕಿಗೆ ಎಣ್ಣೆ ಹೊಯ್ಯುವುದೆಂದರೆ ಇದೇ. ಸೀದಾ ರಹೀಮಾಬಿಯ ಅಂಗಡಿಗೆ ಹೋದೆ. ಅವಳು ಬಾಗಿಲು ಹಾಕುವವರೆಗೂ ಆಡಿದೆ. ಒಮ್ಮೆ, ಒಂದೇ ಒಂದು ಸಲ, ಕೆಂಪು ಮತ್ತು ಬಿಳಿ ಜೋಡಿ ಎತ್ತಿನ ಹಾಗೆ ಒಟ್ಟಿಗೆ ಗೆರೆ ಮುಟ್ಟಿದವು. ಪೆಟ್ಟಿಗೆ ಕೆಂಪು ಅಂದಿತು. ಇರಲಿ. ಇದು ಗೆಲ್ಲಬಹುದಾದ ಆಟ. ಇವತ್ತು ಅದು ನನಗೆ ಗೊತ್ತಾಯಿತು.

ಸೋಮವಾರ ನಾನು ಗೆಲ್ಲಲು ಆಡುತ್ತೇನೆ. ಅಣ್ಣ ಮನೆಯಿಂದ ಹೊರಗೆ ಹಾಕಿದರೂ ಸರಿ. ಬಿಳಿ ನನ್ನದು.

೧೯ ಜೂನ್, ಸೋಮವಾರ, ಕಾರ ಹುಣ್ಣಿಮೆ

ಆದದ್ದು ಆದ ಹಾಗೆ ಬರೆಯುತ್ತೇನೆ.

ರಹೀಮಾಬಿ ಒಲೆಯನ್ನು ಹೊರಗಿಟ್ಟು ಜಾಗ ಮಾಡಿದ್ದಳು. ಪೆಟ್ಟಿಗೆಯ ಕೊರಳಿಗೆ ಬೇವಿನ ಸೊಪ್ಪು, ಕೊಬ್ಬರಿ ಬಟ್ಟಲು ಕಟ್ಟಿದ್ದರು. ಮಾಳಪ್ಪ ಕಾಕಾ ಊದಿನಕಡ್ಡಿ ಹಚ್ಚಿ, ರೊಕ್ಕ ಹಾಕುವ ತೂತಿನ ಹತ್ತಿರ ಸಿಕ್ಕಿಸಿದ. ಕಾಲಿಡಲು ಜಾಗವಿಲ್ಲ, ಹೊರಗೆ ಕಟ್ಟೆಯ ಮೇಲೂ ಮಂದಿ. ಅಣ್ಣನಿಗೆ ಕುರ್ಚಿ ಹಾಕಿದ್ದರು, ನನ್ನ ಬೆನ್ನ ಹಿಂದೆಯೇ. ಕೂರುವ ಮೊದಲು ನನ್ನ ಭುಜ ಮುಟ್ಟಿ, "ನೆನಪೈತಲ್ಲ," ಅಂದ. ಈ ಸಲ ನಾನು ಹೂಂ ಅನ್ನಲಿಲ್ಲ. ಅದು ಅವನಿಗೆ ತಿಳಿಯಲಿಲ್ಲ.

ಮಾಳಪ್ಪ ಕಾಕಾ ತನ್ನ ಚಂಚಿಯಿಂದ ಎಂಟಾಣೆ ತೆಗೆದು ಹಣೆಗೆ ಒತ್ತಿಕೊಂಡು ಹಾಕಿದ.

ಇವತ್ತಿನ ರಸ್ತೆಯಂಥ ರಸ್ತೆ ಅದರಲ್ಲಿ ಹಿಂದೆಂದೂ ಬಂದಿರಲಿಲ್ಲ. ಮೊದಲೇ ರಾತ್ರಿ. ಎರಡೂ ಕಡೆ ಹಳ್ಳ. ಕಲ್ಲು ಒತ್ತಾದವು, ಕಾಲು ಬಿಟ್ಟೆ, ಎಡಕ್ಕೆ ಹೋದೆ. ಮತ್ತೆ ಎಡ. ಆಮೇಲೆ ಉದ್ದನೆಯ ಸೀದಾ ದಾರಿ, ಕೆಂಪು ಬೆನ್ನಿಗೆ ಬಂತು, ಬಾಜು ಸರಿದೆ, ಅದು ಹಳ್ಳಕ್ಕೆ ಬಿತ್ತು. ಹಿಂದೆ ಜನ ಹೋ ಅಂದರು. ಅಣ್ಣ ಕೆಮ್ಮಿದ. ಕೆಮ್ಮಲಿ! ಊರು, ಅಣ್ಣ, ಹೆಸರು ಹೊಲ ಯಾವುದೂ ತಲೆಯಲ್ಲಿ ಇರಲಿಲ್ಲ. ದೀಪ ಬಿದ್ದಷ್ಟು ರಸ್ತೆ ಮತ್ತು ನನ್ನ ಬಿಳಿ, ಅಷ್ಟೇ. ಇಷ್ಟು ಚೆನ್ನಾಗಿ ನಾನು ಹಳೆಯ ಪೆಟ್ಟಿಗೆಯಲ್ಲೂ ಆಡಿರಲಿಲ್ಲ.

ಗೆರೆ ಕಂಡಿತು. ಕಂಡದ್ದೇ ತಪ್ಪಾಯಿತು. ನಾನು ಗೆರೆಯನ್ನು ನೋಡಿದೆ, ಕಲ್ಲುಗಳನ್ನು ನೋಡಲಿಲ್ಲ. ಗೆರೆಗೆ ಇಷ್ಟು ಮೊದಲು ಬಲಕ್ಕೆ ಸಣ್ಣ ತಿರುವು. ಚಕ್ರ ಅಂಚಿಗೆ ಬಡಿಯಿತು, ಬಿಳಿ ಗರ್ರನೆ ತಿರುಗಿತು, ಸಾವರಿಸಿಕೊಳ್ಳುವಷ್ಟರಲ್ಲಿ ಹಳ್ಳದಿಂದ ಎದ್ದು ಬಂದ ಕೆಂಪು ಪಕ್ಕದಿಂದ ಸರ್ರನೆ ಹೋಯಿತು.

"ಕೆಂಪ ಹರೀತೋ!" ಎಂದು ಯಾರೋ ಕೂಗಿದರು. ಕೊಬ್ಬರಿ ಕಿತ್ತರು, ಗುಲಾಲು ತೂರಿದರು. ನಾನು ಸ್ಟೇರಿಂಗ್ ಹಿಡಿದೇ ಕೂತಿದ್ದೆ. ಕಣ್ಣಲ್ಲಿ ನೀರು ಬಂದಿತ್ತು, ಗುಲಾಲು ಬಿತ್ತು ಅಂದುಕೊಂಡರು.

ಅಣ್ಣ ಎದ್ದು ಬಂದು ಬೆನ್ನು ತಟ್ಟಿದ. ಎಲ್ಲರಿಗೂ ಕೇಳುವಂತೆ, "ಏನಿದ್ರೂ ನನ್ನ ತಮ್ಮ," ಅಂದ. ಹಿಂದೆ ನಾಲ್ಕೈದು ಜನ ಮುಸಿಮುಸಿ ನಕ್ಕರು. ನಾನು ಬೇಕಂತಲೇ ಸೋತೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ ಎಂದು ಆಗ ನನಗೆ ತಿಳಿಯಿತು.

"ಅಣ್ಣಾ, ನಾ ಗೆಲ್ಲಾಕ ಆಡಿದ್ನಿ," ಅಂದೆ.

"ಹೌದ ಹೌದು. ಹಂಗ ಹೇಳಬೇಕು," ಎಂದು ಕಣ್ಣು ಹೊಡೆದ.

ಹುಟ್ಟಿದಾಗಿನಿಂದ ಅಣ್ಣ ನನಗೆ ಕಣ್ಣು ಹೊಡೆದದ್ದು ಇವತ್ತೇ. ಮಾಳಪ್ಪ ಕಾಕಾ ಊದಿನಕಡ್ಡಿ ಆರಿಸಿದ. "ಅಷ್ಟ ಚಂದ ಓಡಿಸಿ, ಗೆರಿ ಮುಂದ ಬಂದು ಕೈ ಬಿಟ್ಟೆಲ್ಲೋ. ಕರೀಗೂ ಮೋಸ ಮಾಡಿದಿ," ಅಂದ. ಲಿಂಗ ಮುಟ್ಟಿ ಆಣೆ ಮಾಡುತ್ತೇನೆ ಅಂದೆ. "ಬ್ಯಾಡ, ಅದನ್ನರೆ ಬಿಡು," ಎಂದು ಹೊರಟುಹೋದ.

ನಾನು ಸೋತೆ. ಪ್ರಾಣ ಇಟ್ಟು ಆಡಿ ಸೋತೆ. ನನ್ನ ಸೋಲನ್ನೂ ನನಗೆ ಕೊಡಲಿಲ್ಲ ಈ ಊರು.

೨೦ ಜೂನ್, ಮಂಗಳವಾರ

ಬೆಳಿಗ್ಗೆ ಕಟ್ಟೆಯಲ್ಲಿ ಒಬ್ಬ: "ಕಂಪನಿ ನಾಟಕದಾಗ ಸೇರ್ಕೋ, ಪಾತ್ರ ಚಲೋ ಮಾಡ್ತಿ." ಹಿಟ್ಟಿನ ಗಿರಣಿಯಲ್ಲಿ ಇನ್ನೊಬ್ಬ: "ಅಣ್ಣಗ ತಕ್ಕ ತಮ್ಮ." ಅವನ ಅಂಗಿ ಹಿಡಿದುಕೊಂಡೆ. ಬಿಡಿಸಿ ಕಳಿಸಿದರು.

ಮಧ್ಯಾಹ್ನ ಅಣ್ಣ ಹೋಳಿಗೆ ಕಳಿಸಿದ, ನನಗೆಂದೇ, ಬೇರೆ ತಾಟಿನಲ್ಲಿ. ಅನ್ನವ್ವನ ಮುಂದೆ ಇಟ್ಟು ಕೇಳಿದೆ, "ನೀನರೆ ಹೇಳು. ನಾ ಬೇಕಂತ ಸೋತ್ನೇನು?"

"ಇರ್ಲಿ ಬಿಡ್ರಿ. ಮನೀ ಮಾನಾ ಉಳೀತು," ಅಂದಳು. ನಾನು ಗೆಲ್ಲಲಾರೆ ಎಂದು ಶನಿವಾರ ನಕ್ಕವಳು ಇವಳೇ. ಮಂದಿಯ ಮಾತು ಕೇಳಿ ಅವಳೂ ಬದಲಾದಳು.

ಹೋಳಿಗೆಯನ್ನು ಎಮ್ಮೆಗೆ ಹಾಕಿದೆ.

೨೨ ಜೂನ್, ಗುರುವಾರ

ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ರಹೀಮಾಬಿ ಹಿತ್ತಲಲ್ಲಿ ಕಪ್ಪು ತೊಳೆಯುತ್ತಿದ್ದಳು. ಆ ತಿರುವು ತಲೆಯಿಂದ ಹೋಗಿರಲಿಲ್ಲ. ಕೂತೆ.

ಹಗಲಿನ ರಸ್ತೆ ಬಂತು, ನಡುವೆ ಮಳೆ, ಆಮೇಲೆ ರಾತ್ರಿ. ಅವಸರ ಮಾಡಲಿಲ್ಲ. ಗೆರೆ ಕಂಡರೂ ಗೆರೆಯನ್ನು ನೋಡಲಿಲ್ಲ, ಕಲ್ಲುಗಳನ್ನೇ ನೋಡಿದೆ. ಕೆಂಪು ಬಾಜುವಿಗೆ ಬಂತು, ಹಿಂದೆ ಉಳಿಯಿತು. ಬಿಳಿ ದಾಟಿತು.

ಗೆದ್ದೆ! ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದೆ. "ರಹೀಮಾಬೀ! ಹರೀತು! ನನ್ನ ಬಿಳಿ ಹರೀತು!" ರಸ್ತೆಗೆ ಓಡಿ ಎಲ್ಲರನ್ನೂ ಕರೆಯಬೇಕು ಎಂದು ತಿರುಗಿದರೆ ಬಾಗಿಲಲ್ಲಿ ಮಾಳಪ್ಪ ಕಾಕಾ ನಿಂತಿದ್ದ. ಯಾವಾಗಿನಿಂದ ನಿಂತಿದ್ದನೋ.

"ಸೋಮವಾರ ಬರಲಾರದ್ದು ಗುರುವಾರ ಹೆಂಗ ಬಂತಪಾ?" ಅಂದ.

ಬೆಂಚಿನಿಂದ ಇಳಿದೆ.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಬಂದವು. ಗೆದ್ದವರ ಹೆಸರು ಕೇಳುತ್ತದೆ ಈ ಪೆಟ್ಟಿಗೆ. ಹಳೆಯದು ಯಾವತ್ತೂ ಕೇಳಿದ್ದಿಲ್ಲ. ಮೂರು ಅಕ್ಷರಕ್ಕೆ ಜಾಗ, ಪಕ್ಕದಲ್ಲಿ ಮೂವತ್ತರಿಂದ ಕೆಳಗೆ ಎಣಿಕೆ.

ಕಾಕಾನಿಗೆ ಓದಲು ಬರುವುದಿಲ್ಲ. ಆದರೂ ಏನೆಂದು ಅರ್ಥವಾಯಿತು. ಹತ್ತಿರ ಬಂದು ಮೆಲ್ಲಗೆ ಹೇಳಿದ. "ಕೈ ತಗೀ ಈರಬಸಪ್ಪಾ. ಹೆಸರ ಹಾಕಿದ್ರ ಊರೆಲ್ಲಾ ನೋಡತೈತಿ. ಗೆಲ್ಲಾಕ ಬರ್ತಿತ್ತು, ಬೇಕಂತ ಸೋತ ಅನ್ನೂದು ಖಾತ್ರಿ ಆಕ್ಕೈತಿ. ಈಗ ಬರೇ ಅನುಮಾನ ಐತಿ, ನಾಕ ದಿನಕ್ಕ ಮರೀತಾರ. ನಾ ಏನೂ ನೋಡಿಲ್ಲ, ಹೋಗು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದೇ ಇನ್ನೂ ಉರಿಯಿತು.

"ಅವತ್ತ ಖರೇ ಸೋತಿದ್ನಿ ಕಾಕಾ. ಇವತ್ತ ಖರೇ ಗೆದ್ದೀನಿ."

"ಹೂಂ," ಅಂದ. ಅಣ್ಣನಿಗೆ ನಾನು ಅನ್ನುವಂಥದೇ ಹೂಂ.

ಸ್ಟೇರಿಂಗ್ ತಿರುಗಿಸಿದೆ. ಐ. ಇನ್ನಷ್ಟು ತಿರುಗಿಸಿದೆ. ಬಿ. ಕೊನೆಯದು ದೂರವಿತ್ತು, ಎಣಿಕೆ ಎರಡಕ್ಕೆ ಬಂದಿತ್ತು. ಎಸ್. ಒತ್ತಿದೆ. ಹೆಸರು ಮೇಲೇರಿ ಎಲ್ಲರಿಗಿಂತ ತುದಿಯಲ್ಲಿ ಕೂತಿತು.

ಕಾಕಾ ಚಹಾ ಕುಡಿಯದೆ ಹೊರಟುಹೋದ. ನಾಳೆ ಬೆಳಗಿನ ಬಸ್ಸಿಗೆ ಊರಿನ ಅರ್ಧ ಮಂದಿ ಅಲ್ಲೇ ಕಾಯುತ್ತಾರೆ. ಅಣ್ಣನೂ ಅದೇ ಬಸ್ಸಿಗೆ ನವಲಗುಂದಕ್ಕೆ ಹೋಗುವವನಿದ್ದಾನೆ.

ನೋಡಲಿ.